ಹಿಂದಿನ ಬೆಂಚಿನ ಸೌಪರ್ಣಿಕಾ

ವಾರಕ್ಕೊಂದು ಗಂಟೆ. ಹೇಳುವುದಕ್ಕೆ ಎಷ್ಟು ಸಲೀಸು! ಮುಳಬಾಗಿಲಿನ ಪುಟ್ಟ ಚರ್ಚಿಗೆ ಸೇರಿದ ಆರು, ಏಳು, ಎಂಟನೇ ತರಗತಿಯ ಮಕ್ಕಳನ್ನು ವಾರಕ್ಕೊಂದು ಗಂಟೆ ಒಂದೆಡೆ ಕೂರಿಸಿ ಧರ್ಮೋಪದೇಶದ ಪಾಠ ಹೇಳಬೇಕು, ಅಷ್ಟೇ ಕೆಲಸ. ಆದರೆ ಆ ಒಂದು ಗಂಟೆಯನ್ನು ಹುಡುಕಿ ತೆಗೆಯುವಷ್ಟರಲ್ಲಿ ಲೂರ್ದಮ್ಮ ಟೀಚರಿಗೆ ಸಾಕುಸಾಕಾಗಿ ಹೋಗಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಎಂದರೆ ಅರ್ಧ ಮಕ್ಕಳಿಗೆ ಕೋಚಿಂಗ್ ಕ್ಲಾಸು. ಸಂಜೆ ಎಂದರೆ ಹಳ್ಳಿಯ ಮಕ್ಕಳಿಗೆ ಬಸ್ಸಿಲ್ಲ. ಶುಕ್ರವಾರ ಎಂದರೆ ಟ್ಯೂಷನ್ನಿನವರು ಬಿಡುವುದಿಲ್ಲ. ಇತ್ತ ಮುಂದಿನ ತಿಂಗಳು ಬಿಷಪ್ಪರು ಬಂದು ಮಕ್ಕಳಿಗೆ ದೃಢೀಕರಣ ಸಂಸ್ಕಾರ ಕೊಡುವವರಿದ್ದರು. ಪಾಠ ತಪ್ಪಿಸಿದವರಿಗೆ ಅದು ಇಲ್ಲ ಎಂದು ಕೋಲಾರದಿಂದ ಭಾನುವಾರ ಮಾತ್ರ ಬಂದು ಹೋಗುವ ಫಾದರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಕೊನೆಗೆ ಹೊಳೆದದ್ದು ಶನಿವಾರ. ಅವತ್ತು ಬೆಳಗಿನ ಸ್ಕೂಲು, ಹನ್ನೊಂದೂವರೆಗೆ ಬಿಡುತ್ತದೆ. ಮಕ್ಕಳು ಹಾಗೇ ಚರ್ಚಿನ ಪಕ್ಕದ ಕೋಣೆಗೆ ಬಂದರಾಯಿತು. ಅಬ್ಬ, ಗೆದ್ದೆ ಎಂದುಕೊಂಡಳು ಲೂರ್ದಮ್ಮ.

ಎಲ್ಲರನ್ನೂ ಕೇಳಿದ್ದಳು. ತಾಯಂದಿರನ್ನು, ಫಾದರನ್ನು, ಶನಿವಾರ ಕ್ರಿಕೆಟ್ ಆಡುವ ಹುಡುಗರನ್ನೂ ಕೇಳಿದ್ದಳು. ಒಂದು ಮಗುವನ್ನು ಮಾತ್ರ ಕೇಳಿರಲಿಲ್ಲ. ಬೈರಕೂರಿನ ಚಿನ್ನಪ್ಪನ ಇಬ್ಬರು ಮಕ್ಕಳು ಆಂಜಿಯ ಆಟೋದಲ್ಲಿ ಸ್ಕೂಲಿಗೆ ಬರುತ್ತಿದ್ದರು. ಅದೇ ಆಟೋದಲ್ಲಿ ಏಳನೇ ತರಗತಿಯ ಸೌಪರ್ಣಿಕಾ ಕೂಡ ಬರುತ್ತಿದ್ದಳು. ಅವಳು ಬೈರಕೂರಿನ ದೇವಸ್ಥಾನದ ಅರ್ಚಕರಾದ ನರಸಿಂಹಾಚಾರ್ರ ಮೊಮ್ಮಗಳು. ಚಿನ್ನಪ್ಪನ ಮಕ್ಕಳ ಪಾಠ ಮುಗಿಯುವ ತನಕ ಆಟೋ ಕಾಯಬೇಕು, ಆಟೋ ಕಾದರೆ ಈ ಹುಡುಗಿಯೂ ಕಾಯಬೇಕು. ಮೊದಲ ಶನಿವಾರವೇ ಅವಳು ಬಾಗಿಲಲ್ಲಿ ನಿಂತು, "ಟೀಚರ್, ಒಳಗೆ ಬರ್ಲಾ? ಆಚೆ ಬಿಸಿಲು" ಎಂದಳು. "ಬಾಮ್ಮ, ಅದಕ್ಕೇನಂತೆ" ಎಂದು ಲೂರ್ದಮ್ಮ ಹಿಂದಿನ ಬೆಂಚು ತೋರಿಸಿದಳು.

ಆ ಹುಡುಗಿಯೋ, ಕಿವಿಗೆ ಬಿದ್ದದ್ದನ್ನು ಸುಮ್ಮನೆ ಬಿಡುವ ಪೈಕಿಯಲ್ಲ. ಏಳು ಸಂಸ್ಕಾರ ಯಾವುವು ಎಂದು ಕೇಳಿದರೆ ಮುಂದಿನ ಬೆಂಚಿನ ಮಹಾಶಯರು ಮೂರು ಹೇಳಿ ತಲೆ ಕೆರೆದುಕೊಳ್ಳುತ್ತಿದ್ದರು. ಉಳಿದ ನಾಲ್ಕು ಹಿಂದಿನ ಬೆಂಚಿನಿಂದ ಪಟಪಟನೆ ಬರುತ್ತಿದ್ದವು. "ನೋಡ್ರೋ, ಆ ಮಗೂನ ನೋಡಿ ಕಲೀರಿ, ಮಾನ ಮರ್ಯಾದೆ ಇದ್ರೆ" ಎಂದು ಲೂರ್ದಮ್ಮ ನಗುನಗುತ್ತಾ ಬೈದಿದ್ದಳು. ಈಗ ಅದನ್ನು ನೆನೆದು, ಯಾಕಾದರೂ ಅಂದೆನೋ ಎಂದುಕೊಳ್ಳುತ್ತಿದ್ದಳು.

ಯಾಕೆಂದರೆ ಶುಕ್ರವಾರ ಸ್ಕೂಲಿನಲ್ಲಿ ಊಟಕ್ಕೆ ಕೂತಾಗ ಜೊತೆಯ ಟೀಚರು ಸುನಂದ ಅವಳನ್ನು ಪಕ್ಕಕ್ಕೆ ಕರೆದಿದ್ದಳು.

"ಲೂರ್ದೂ, ಹುಷಾರು ಕಣೇ. ಆಚಾರ್ರ ಮೊಮ್ಮಗಳು ಮನೇಲಿ ನಿಮ್ಮ ಪ್ರೇಯರ್ ಹೇಳಿದ್ಲಂತೆ. ಜೋರು ಗಲಾಟೆ ಆಗಿದೆ. ನಾಳೆ ನಿನ್ನ ಕ್ಲಾಸ್ ಹತ್ರ ಬರ್ತಾರಂತೆ."

"ಯಾರೇ ಬರ್ತಾರೆ?"

"ಆಚಾರ್ರು ಬರ್ತಾರೆ ಅಂದ್ರು. ಜೊತೇಲಿ ಇನ್ಯಾರ್ಯಾರು ಬರ್ತಾರೋ, ನಂಗೇನ್ ಗೊತ್ತು?"

ಲೂರ್ದಮ್ಮ ಊಟದ ಡಬ್ಬಿ ಮುಚ್ಚಿಟ್ಟಳು. ಎಲ್ಲೋ ದೂರದ ಊರಲ್ಲಿ ಪ್ರಾರ್ಥನೆಗೆ ಕೂತವರ ಮನೆಗೆ ಜನ ನುಗ್ಗಿದ ವಿಡಿಯೊ ಅವಳ ಫೋನಿಗೂ ಬಂದಿತ್ತು. ಅದರಲ್ಲಿ ಒಬ್ಬ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಆ ಹೆಂಗಸಿನ ಜಾಗದಲ್ಲಿ ತಾನೇ ಕೂತಂತೆ ಕಂಡಿತು. ಮತಾಂತರ ಎಂದು ಯಾರಾದರೂ ಒಬ್ಬರು ಬಾಯಿಬಿಟ್ಟರೆ ಸಾಕು. ಆಮೇಲೆ ಸ್ಟೇಷನ್ನು, ಸ್ಕೂಲಿನ ಕೆಲಸಕ್ಕೆ ಸಂಚಕಾರ, ಕೋಣೆಗೆ ಬೀಗ. ಅರ್ಚಕರ ಮನೆಯ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಸಂಸ್ಕಾರಗಳನ್ನು ಬಾಯಿಪಾಠ ಮಾಡಿಸಿದವಳು ತಾನೇ ಅಲ್ಲವೇ? ಬಿಸಿಲಿತ್ತು ಸ್ವಾಮೀ ಎಂದರೆ ಯಾರು ಕೇಳುತ್ತಾರೆ?

ಗಂಡ ಇನ್ನಾಸಪ್ಪನಿಗೆ ಹೇಳಿದರೆ ಅವನು ಇನ್ನೊಂದಿಷ್ಟು ಹೆದರಿಸಿದ. "ನಿಂಗ್ಯಾಕ್ ಬೇಕಿತ್ತು ಈ ಉಸಾಬರಿ? ಇದ್ದಿದ್ದು ನಮ್ಮ ಮಕ್ಕಳು, ಅವಕ್ಕೆ ಹೇಳ್ಕೊಟ್ಟು ಬರೋದಲ್ವಾ? ಊರ ಮಕ್ಕಳನ್ನೆಲ್ಲಾ ಕೂರಿಸ್ಕೋ ಅಂತ ಯಾರ್ ಹೇಳಿದ್ರು?" ಫಾದರಿಗೆ ಫೋನು ಮಾಡಿದಳು. "ಹೆದರಬೇಡಮ್ಮ, ಬೇಕಾದ್ರೆ ಈ ವಾರ ರಜೆ ಕೊಡು" ಎಂದರು ಅವರು. ರಜೆ ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗೆ. ಮೇಲಾಗಿ ದೃಢೀಕರಣಕ್ಕೆ ಪಾಠ ಇನ್ನೂ ಬೆಟ್ಟದಷ್ಟು ಬಾಕಿ. ಹೆದರಬೇಡ ಎನ್ನುವವರೆಲ್ಲ ಕೋಲಾರದಲ್ಲಿ ಕೂತು ಎನ್ನುತ್ತಾರೆ, ಅಷ್ಟೇ ತಾನೆ?

ಶನಿವಾರ ಮಕ್ಕಳು ಬಂದರು. ಹಿಂದೆಯೇ ಸೌಪರ್ಣಿಕಾಳೂ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು.

"ನೀನ್ ಒಳಗೆ ಬರಬೇಡ" ಎಂದಳು ಲೂರ್ದಮ್ಮ. ತನ್ನ ದನಿ ಅಷ್ಟು ಒರಟಾಗಿ ಬಂದದ್ದು ಅವಳಿಗೇ ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ. "ಗೇಟಿನ ಹತ್ರ ಬೇವಿನ ಮರ ಇದೆಯಲ್ಲ, ಅಲ್ಲಿ ಕೂತ್ಕೋ. ಇಲ್ಲಿ ನಿಂಗೇನ್ ಕೆಲಸ? ಇಷ್ಟು ದಿನ ಬಂದಿದ್ದೇ ತಪ್ಪು."

ಹುಡುಗಿ ಪಿಳಿಪಿಳಿ ನೋಡಿದಳು. "ನಾನೇನ್ ಮಾಡ್ದೆ ಟೀಚರ್?"

"ಹೇಳಿದಷ್ಟು ಕೇಳು."

ಅವಳು ಹೋದಳು. ಲೂರ್ದಮ್ಮ ಬಾಗಿಲು ಮುಚ್ಚಿದಳು, ಕಿಟಕಿಯನ್ನೂ ಮುಚ್ಚಿದಳು. ಫ್ಯಾನಿಲ್ಲದ ಕೋಣೆ, ಮಕ್ಕಳು ಬೆವೆತು ಗೊಣಗಿದರು. ಪಾಠ ಎಲ್ಲಿಂದ ನಡೆದೀತು? ರಸ್ತೆಯಲ್ಲಿ ಬೈಕು ಹೋದರೆ ಬಾಗಿಲ ಕಡೆ ತಿರುಗುತ್ತಿದ್ದಳು. ಯಾರೋ ಕೆಮ್ಮಿದರೆ ಮಾತು ನಿಂತುಹೋಗುತ್ತಿತ್ತು. "ಟೀಚರ್, ಇದೇ ಸಾಲು ಎರಡು ಸಲ ಹೇಳಿದ್ರಿ" ಎಂದಿತು ಒಂದು ಮಗು. "ಸುಮ್ನೆ ಬರ್ಕೊಳ್ರೋ" ಎಂದು ಗದರಿದಳು. ಮನಸ್ಸಿನಲ್ಲಿ ಮಾತೆ ಮರಿಯಳನ್ನು ಬೇಡಿಕೊಳ್ಳುತ್ತಿದ್ದಳು. ಇವತ್ತೊಂದು ದಿನ ದಾಟಿಸಮ್ಮ ತಾಯೇ, ಇವತ್ತೊಂದು ದಿನ.

ಬಾಗಿಲು ಬಡಿದ ಸದ್ದಾಯಿತು.

ಮಕ್ಕಳು ಅವಳ ಮುಖ ನೋಡಿದರು, ಅವಳು ಬಾಗಿಲು ನೋಡಿದಳು. ಮತ್ತೆ ಬಡಿದರು. ತೆರೆಯದೆ ಇದ್ದರೆ ಒಡೆದೇ ಬರುತ್ತಾರೆ ಎಂದುಕೊಂಡು ಚಿಲಕ ತೆಗೆದಳು. ನರಸಿಂಹಾಚಾರ್ರು ನಿಂತಿದ್ದರು, ಒಬ್ಬರೇ. ಕೈಯಲ್ಲಿ ಒಂದು ಕೊಡೆ, ಹಣೆಯಲ್ಲಿ ನಾಮ, ಅದರ ಮೇಲೆ ಬೆವರು.

"ಆಚಾರ್ರೇ, ನಿಮ್ಮ ಪಾದಕ್ಕೆ ಬೀಳ್ತೀನಿ, ನಾನು ಆ ಮಗುವಿಗೆ ಏನೂ ಹೇಳ್ಕೊಟ್ಟಿಲ್ಲ. ಅದೇ ಕೇಳಿಸ್ಕೊಂಡು ಕಲ್ತಿದ್ದು" ಎಂದು ಲೂರ್ದಮ್ಮ ಒಂದೇ ಉಸಿರಿಗೆ ಒದರಿಬಿಟ್ಟಳು.

"ಅದೆಲ್ಲ ಇರಲಮ್ಮ. ಮನೇಲಿ ಗೊತ್ತಾಗಿದೆ, ನನ್ನ ಮಗ ಮುಕುಂದ, ಅವಳಪ್ಪ, ಕೂಗಾಡ್ತಿದಾನೆ. ಅವನು ಬರೋಕ್ ಮುಂಚೆ ಮಗೂನ ಕರ್ಕೊಂಡು ಹೋಗೋಣ ಅಂತ ನಾನೇ ಬಂದೆ. ಎಲ್ಲಿ ನಮ್ಮ ಸೌಪರ್ಣಿಕಾ?" ಅವರು ಹಿಂದಿನ ಬೆಂಚಿನ ಕಡೆ ಇಣುಕಿದರು.

"ಆಚೆ, ಮರದ ಕೆಳಗೆ."

"ಮರದ ಕೆಳಗೆ ಯಾರೂ ಇಲ್ವಲ್ಲಮ್ಮ. ನಾನು ಅಲ್ಲಿಂದ್ಲೇ ಬಂದೆ."

ಲೂರ್ದಮ್ಮ ಹೊರಗೆ ಓಡಿದಳು. ಮರದಡಿ ಯಾರೂ ಇಲ್ಲ. ಚರ್ಚಿನ ಹಿಂದೆ, ನಲ್ಲಿಯ ಹತ್ತಿರ, ಎಲ್ಲೂ ಇಲ್ಲ. ಆಟೋ ಕೂಡ ಇರಲಿಲ್ಲ. ಆಂಜಿ ಗ್ಯಾಸ್ ತುಂಬಿಸಲು ಹೋಗಿದ್ದವನು ಆಗತಾನೇ ಖಾಲಿ ಗಾಡಿಯಲ್ಲಿ ಬಂದು ನಿಂತ. "ಆ ಪಾಪು ಇಲ್ಲೇ ಇತ್ತಲ್ಲಕ್ಕಾ?" ಎಂದ. ಅಲ್ಲಿಯವರೆಗೆ ಹೆದರಿದ್ದೆಲ್ಲ ಹೆದರಿಕೆಯೇ ಅಲ್ಲ ಎನಿಸಿತು ಲೂರ್ದಮ್ಮನಿಗೆ. ಎರಡು ಬೀದಿ ದಾಟಿದರೆ ಹೈವೇ. ಚೆನ್ನೈ ಕಡೆಯ ಲಾರಿಗಳು ಕಣ್ಣು ಮುಚ್ಚಿಕೊಂಡು ಬರುವ ರಸ್ತೆ ಅದು.

"ನೀವ್ಯಾಕಮ್ಮ ಆಚೆ ಕೂರಿಸಿದ್ರಿ?" ಆಚಾರ್ರು ಕೇಳಿದರು. ಸಿಟ್ಟಿನಿಂದಲ್ಲ, ತಿಳಿಯದೆ ಕೇಳಿದರು. "ಒಳಗೇ ಕೂತ್ಕೋ ಅಂತ ನಾನೇ ಹೇಳಿದ್ದೆ ಅವಳಿಗೆ. ಬೀದೀಲಿ ಕಾಯೋ ಬದಲು ಟೀಚರ್ ಕಣ್ಮುಂದೆ ಇರಲಿ ಅಂತ. ಮನೇಲಿ ಯಾರಿಗೂ ಹೇಳಿರಲಿಲ್ಲ, ಅಷ್ಟೇ."

ಲೂರ್ದಮ್ಮ ಕೋಣೆಯ ಬಾಗಿಲಿಗೆ ಹೋದಳು. ದೊಡ್ಡ ಹುಡುಗಿಯೊಬ್ಬಳಿಗೆ ಮಕ್ಕಳನ್ನು ನೋಡಿಕೊಳ್ಳಲು ಹೇಳಿ, ಸೆರಗು ಸಿಕ್ಕಿಸಿಕೊಂಡು ಹೈವೇ ಕಡೆ ಓಡಿದಳು. ಆಂಜಿ ಬಸ್ ಸ್ಟ್ಯಾಂಡಿನ ಕಡೆ ಗಾಡಿ ತಿರುಗಿಸಿದ. ಆಚಾರ್ರು ಏದುಸಿರು ಬಿಡುತ್ತಾ ಅವಳ ಹಿಂದೆ ಬಂದರು.

ಸೇಟು ಅಂಗಡಿಯ ತಿರುವಿನಲ್ಲಿ ನಾಲ್ಕಾರು ಹುಡುಗರು ಬೈಕು ನಿಲ್ಲಿಸಿಕೊಂಡಿದ್ದರು. "ಏನ್ ಆಚಾರ್ರೇ, ಯಾಕೆ ಹಿಂಗ್ ಓಡ್ತಿದೀರಾ?"

"ಮೊಮ್ಮಗಳು ಕಾಣ್ತಿಲ್ಲಪ್ಪಾ."

"ಎಲ್ಲಿದ್ಲು?"

"ಚರ್ಚ್ ಹತ್ರ."

ಹುಡುಗರ ಕಣ್ಣುಗಳೆಲ್ಲ ಲೂರ್ದಮ್ಮನ ಕತ್ತಿನ ಶಿಲುಬೆಯ ಮೇಲೆ ಬಿದ್ದವು. ಒಬ್ಬ ಜೇಬಿನಿಂದ ಫೋನು ತೆಗೆದು ಅವಳ ಮುಖಕ್ಕೆ ಹಿಡಿದ. "ಈಯಮ್ಮನೇನಾ ಕ್ಲಾಸ್ ಮಾಡೋದು? ಏನ್ ಮಾಡಿದ್ರಿ ಮಗೂನ, ಹೇಳ್ರಿ." ವಿಡಿಯೊದಲ್ಲಿ ಕಂಡ ಆ ಹೆಂಗಸಿನ ಹಾಗೆಯೇ ಲೂರ್ದಮ್ಮನ ಕೈ ತಾನಾಗಿ ಸೆರಗಿಗೆ ಹೋಯಿತು. ಆಚಾರ್ರು ಒಂದು ಮಾತು ಸೇರಿಸಿದರೆ ಅಲ್ಲಿಗೆ ತನ್ನ ಕಥೆ ಮುಗಿಯಿತು.

"ಫೋನ್ ಒಳಗಿಡೋ" ಎಂದರು ಆಚಾರ್ರು. "ಟೀಚರಮ್ಮ ನನ್ನ ಜೊತೆ ಹುಡುಕ್ತಿದಾರೆ. ನಿಂಗೂ ಕಣ್ಣಿದ್ರೆ ಹುಡುಕು, ಇಲ್ಲ ದಾರಿ ಬಿಡು."

ಹುಡುಗ ಫೋನು ಇಳಿಸಿದ. ಒಳಗೇನೂ ಇಡಲಿಲ್ಲ. ಬೈಕುಗಳು ನಿಧಾನವಾಗಿ ಅವರ ಹಿಂದೆಯೇ ಬಂದವು.

ಹೈವೇ ಆಚೆ ಎಳನೀರು ಮಾರುವವಳ ಕೊಡೆಯ ಕೆಳಗೆ, ಎಳನೀರು ಬುರುಡೆಗಳ ಮಧ್ಯೆ, ಸ್ಕೂಲ್ ಯೂನಿಫಾರ್ಮು ಕಂಡಿತು. ಲೂರ್ದಮ್ಮ ಲಾರಿಗಳನ್ನೂ ನೋಡದೆ ದಾಟಿದಳು. ಎಳನೀರಿನವಳು ಅಲ್ಲಿಂದಲೇ ಶುರು ಮಾಡಿದ್ದಳು. "ಏಮಮ್ಮಾ, ಯಾರದೀ ಮಗು? ಲಾರಿ ಅಡಿ ಬೀಳ್ತಿತ್ತು, ರೆಟ್ಟೆ ಹಿಡ್ಕೊಂಡು ಎಳ್ದೆ. ಬೈರಕೂರು ಬಸ್ಸು ಇಲ್ಲಿ ನಿಲ್ಲುತ್ತೆ ಅಂತ ಯಾರೋ ಹೇಳಿದ್ರಂತೆ. ಒಬ್ಳೇ ಹೊರಟಿದೆ! ನಿಮ್ಗೆಲ್ಲಾ ಬುದ್ಧಿ ಇಲ್ವಾ?"

ಹುಡುಗಿಯ ಮೊಣಕಾಲು ತರಚಿತ್ತು. ಅತ್ತು ಅತ್ತು ಮುಖ ಊದಿತ್ತು. ಆಚಾರ್ರು ದಾಟಿಕೊಂಡು ಬಂದು ಅವಳ ತಲೆಯನ್ನು ಹೊಟ್ಟೆಗೆ ಅವುಚಿಕೊಂಡರು. "ಯಾಕೆ ಪುಟ್ಟೀ, ಹೇಳ್ದೆ ಕೇಳ್ದೆ ಹೊರಟುಬಿಟ್ಟೆ?"

"ನಾನಿದ್ರೆ ಟೀಚರ್‌ಗೆ ಭಯ, ತಾತ. ನನ್ನ ಆಚೆ ಹಾಕಿ ಬಾಗ್ಲು ಹಾಕ್ಕೊಂಡ್ರು. ಕಿಟಕೀನೂ ಹಾಕ್ಕೊಂಡ್ರು."

ಇಲ್ಲ ಕಣೇ ಎನ್ನಲು ಹೊರಟ ಲೂರ್ದಮ್ಮ ಆಚಾರ್ರ ಕಡೆ ತಿರುಗಿದಳು. "ಹೌದು ಆಚಾರ್ರೇ. ನಿಮಗೆ ಹೆದರಿದೆ. ಊರಿಗೆ ಹೆದರಿದೆ. ಹೆದರಿ ಈ ಮಗೂನ ಬೀದಿಗೆ ಹಾಕ್ದೆ" ಎಂದಳು.

ಆಚಾರ್ರು ಕೊಡೆ ಬಿಚ್ಚಿ ಮೊಮ್ಮಗಳ ತಲೆಯ ಮೇಲೆ ಹಿಡಿದರು. ರಸ್ತೆಯ ಆ ಬದಿಯಲ್ಲಿ ಬೈಕುಗಳು ಬಂದು ನಿಂತಿದ್ದವು. ಹುಡುಗರು ಈಚೆ ನೋಡುತ್ತಿದ್ದರು, ಒಬ್ಬನ ಕೈಯಲ್ಲಿ ಫೋನು ಇನ್ನೂ ಇತ್ತು. ಈ ಸಲ ಲೂರ್ದಮ್ಮ ಅವರ ಕಡೆ ತಿರುಗಲಿಲ್ಲ. ಏನು ಬೇಕಾದರೂ ಆಗಲಿ ಎಂದುಕೊಂಡು ಬಗ್ಗಿ, "ಬಾ ಪುಟ್ಟೀ, ಕೈ ಕೊಡು, ರಸ್ತೆ ದಾಟೋಣ" ಎಂದು ಕೈ ಚಾಚಿದಳು.

ಸೌಪರ್ಣಿಕಾ ಕೈ ಎತ್ತಿದಳು. ಆಮೇಲೆ ಆ ಬದಿಯಲ್ಲಿ ನಿಂತವರನ್ನು ಕಂಡಳು. ಎತ್ತಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಬೇಡ ಟೀಚರ್" ಎಂದಳು ಪಿಸುದನಿಯಲ್ಲಿ. "ಅವ್ರು ನೋಡ್ತಿದಾರೆ."

ತಾನು ಕಲಿಸಿದ್ದನ್ನು ಈ ಮಗು ಎಂದೂ ಮರೆತದ್ದಿಲ್ಲ ಎಂಬುದು ಲೂರ್ದಮ್ಮನಿಗೆ ಗೊತ್ತಿತ್ತು. ಅವಳು ಅಲ್ಲೇ, ಎಳನೀರಿನ ರಾಶಿಯ ಪಕ್ಕ, ಎಲ್ಲರೂ ನೋಡುತ್ತಿದ್ದ ಹಾಗೆಯೇ ಅಳತೊಡಗಿದಳು.