ಮೋಡಕ್ಕೆ ಹಾರುತ್ತಿದ್ದ ಅರಳೆ

ನಮ್ಮ ನಾಯಿ ಅರಳೆ ಒಮ್ಮೆ ಹಾರಿದರೆ ಮೋಡಕ್ಕೆ ಮೂಗು ತಾಗಿಸಿ, ಅಲ್ಲೇ ಒಂದು ನಿದ್ದೆ ತೆಗೆದು, ಮೂರನೆಯ ದಿನ ಊಟದ ಹೊತ್ತಿಗೆ ಸರಿಯಾಗಿ ಇಳಿಯುತ್ತಿತ್ತು. ನಂಬದವರು ಮೋಡವನ್ನೇ ಕೇಳಬಹುದು. ಅಂಥದ್ದನ್ನು ನಾನು ಒಂದೇ ಸಲ ಹುಬ್ಬೇರಿಸಿ ನೆಲದ ಮೇಲೆ ನಿಲ್ಲಿಸಿದೆ.

ನಮ್ಮದು ಹಾಸಿಗೆ ಹೊಲಿಯುವ ಅಂಗಡಿ, ಹಿಂದೆಯೇ ಮನೆ. ಹತ್ತಿ ಹಿಂಜುವಾಗ ಎಳೆಗಳು ಕಿಟಕಿಯ ಬಿಸಿಲಿನಲ್ಲಿ ತೇಲಿ, ಗೋಡೆ ಯಾವುದು, ಗಾಳಿ ಯಾವುದು ತಿಳಿಯುವುದಿಲ್ಲ. ಆ ಬಿಳಿ ಮಬ್ಬಿನದೇ ಒಂದು ತುಣುಕು ಬಾಲ ಮೂಡಿಸಿಕೊಂಡು ನಮ್ಮ ಮರಿಯಾಯಿತು. ಎಂಟು ತಿಂಗಳಾಗುವಷ್ಟರಲ್ಲೇ, ಬಂದವರ ಎದೆಗೆ ಮುಂಗಾಲೆರಡನ್ನೂ ಊರುವಷ್ಟು ಬೆಳೆಯಿತು.

ಅಷ್ಟರಲ್ಲಿ ಅಕ್ಕನ ಮನೆಯಿಂದ ಸುದ್ದಿ ಬಂತು. ಸೊಂಟದ ಮೂಳೆ ಮುರಿದುಕೊಂಡು ಅಲ್ಲಿದ್ದ ಅಮ್ಮ ಈಗ ಕೋಲೂರಿ ನಡೆಯುತ್ತಾಳೆ, ಇನ್ನು ಇಪ್ಪತ್ತು ದಿನದಲ್ಲಿ ಮನೆಗೆ ಬರುತ್ತಾಳೆ. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಇದು ಹೀಗೇ ಹಾರ್ತಿದ್ರೆ ಬೇರೆಯವ್ರಿಗೆ ಕೊಟ್ಬಿಡೋದೇ," ಎಂದಳು ಹೆಂಡತಿ, ಅದರ ಕಿವಿ ಸವರುತ್ತ.

"ಎರಡೇಟು ಬಿಟ್ರೆ ಸರಿಹೋಗುತ್ತೆ, ಬಿಡೇ," ಎಂದೆ.

ದಿಂಬು ಕೊಳ್ಳಲು ಬಂದಿದ್ದ ಪಶು ಆಸ್ಪತ್ರೆಯ ನರ್ಸಮ್ಮನಿಗೆ ಇದು ಕೇಳಿಸಿತು. ಅರಳೆ ಆಗಲೇ ಅವರ ಮೇಲೂ ಹಾರಿತು. ಅವರು ಕೂಗಲಿಲ್ಲ, ತಳ್ಳಲಿಲ್ಲ. ಕೈಕಟ್ಟಿ ಬೆನ್ನು ತಿರುಗಿಸಿ, ಕನಸು ಕಾಣುವವರಂತೆ ಕಿಟಕಿ ನೋಡುತ್ತ ನಿಂತರು. ಐದನೆಯ ಸಲಕ್ಕೆ ನಾಲ್ಕೂ ಕಾಲು ನೆಲ ಮುಟ್ಟಿದವು. ಆ ಕ್ಷಣವೇ ಬಗ್ಗಿ, "ಜಾಣಮರಿ," ಎಂದು ಬ್ರೆಡ್ಡಿನ ಚೂರು ಕೊಟ್ಟರು.

"ಇದು ಹಾರಿದಾಗ ನೀವೇನ್ ಮಾಡ್ತೀರಿ, ಯಜಮಾನ್ರೇ?"

"ಬೈದು ತಳ್ತೀನಿ."

"ನೋಡಿದ್ರಿ, ಮಾತಾಡಿಸಿದ್ರಿ, ಮುಟ್ಟಿದ್ರಿ. ಅದಕ್ಕೆ ಬೇಕಾಗಿದ್ದೂ ಅದೇ. ಹೊಡೆದ್ರೆ ಹೆದರುತ್ತೆ ಅಷ್ಟೇ. ಬೆನ್ನು ತಿರುಗಿಸಿ, ಕಾಲು ನೆಲಕ್ಕಿಟ್ಟಾಗ ಮಾತ್ರ ಮುದ್ದು ಮಾಡಿ. ಯಾರಾದ್ರೂ ಬಂದ್ರೆ ಹಗ್ಗ ಹಿಡಿದು ಮೊದ್ಲು ಕೂರಿಸಿ. ಶುರುವಿನಲ್ಲಿ ಇನ್ನೂ ಜಾಸ್ತಿ ಹಾರ್ಬಹುದು, ಸೋಲ್ಬೇಡಿ. ಮನೆಯವ್ರೆಲ್ಲ ಒಂದೇ ಥರ ಇರ್ಬೇಕು. ಒಬ್ರು ಕೆಡಿಸಿದ್ರೂ ಸಾಕು, ಮುಗೀತು."

ಹೆಂಡತಿ ನನ್ನತ್ತ ನೋಡಿದಳು. ನಾನು ಸೂಜಿಗೆ ದಾರ ಪೋಣಿಸತೊಡಗಿದೆ, ದಾರ ಆಗಲೇ ಇದ್ದರೂ.

ಅಮ್ಮ ಬಂದ ಮಧ್ಯಾಹ್ನ ಅಂಗಡಿಯ ತುಂಬ ಹತ್ತಿ ತೇಲುತ್ತಿತ್ತು. ಹೊಸಿಲಿಗೆ ಕೋಲು ತಾಗಿದ ಸದ್ದಿಗೆ ಅರಳೆಯ ಮೈಯೆಲ್ಲ ನಡುಗಿತು. ಆದರೂ ಕುಳಿತಿತು. ಬಾಲ ಗುಡಿಸಿದ ಹತ್ತಿ ಅಮ್ಮನ ಪಾದದ ಸುತ್ತ ಮೆಲ್ಲಗೆ ಎದ್ದು, ಅವಳು ಮೋಡದ ಮೇಲೆ ನಡೆದು ಬಂದಂತಿತ್ತು. ಅಮ್ಮ ಅದರ ತಲೆ ಮುಟ್ಟಿದಳು. ಹೆಂಡತಿ ಹಿಡಿದಿದ್ದ ಹಗ್ಗ ಸಡಿಲಿಸಿದಳು.

"ಯಾರೋ ಕಲಿಸಿದ್ದು?"

"ನಾನೇ ಅಮ್ಮ, ಒಂದೇ ನೋಟಕ್ಕೆ," ಎಂದು ಜಂಬದಿಂದ ಪಕ್ಕದ ಹಾಸಿಗೆಯನ್ನು ಧಪ್ಪೆಂದು ತಟ್ಟಿದೆ.

ತಟ್ಟಬಾರದಿತ್ತು. ಅರಳೆ ಅಮ್ಮನ ಕೋಲಿಗೆ ಕೂದಲೆಳೆಯಷ್ಟು ಪಕ್ಕದಲ್ಲಿ ಹಾದು, ಹಾಸಿಗೆಗೆ ನೆಗೆದು, ಅಲ್ಲಿಂದ ನನ್ನ ಎದೆಗೆ ಚಿಮ್ಮಿ, ಮೂಗನ್ನು ನೇರ ನನ್ನ ಜೇಬಿಗಿಳಿಸಿತು. ಹೆಂಡತಿ ಅಮ್ಮನ ತೋಳು ಹಿಡಿದುಕೊಂಡಳು. ಯಾರೂ ಬೀಳಲಿಲ್ಲ, ನನ್ನ ಹೊರತು.

"ಜೇಬಲ್ಲಿ ಏನಿದೆ?" ಅಮ್ಮ ಕೇಳಿದಳು.

"ಬಿಸ್ಕತ್ತು," ಎಂದೆ ಹತ್ತಿಯ ರಾಶಿಯೊಳಗಿಂದ.

ಒಪ್ಪಿಕೊಳ್ಳುತ್ತೇನೆ. ಹಾಸಿಗೆ ಎಷ್ಟು ಪುಟಿಯುತ್ತದೆಂದು ಗಿರಾಕಿಗಳಿಗೆ ತೋರಿಸಲು, ತಟ್ಟಿದೊಡನೆ ಹಾರುವ ಆ ವಿದ್ಯೆಯನ್ನು ಕಲಿಸಿದವನು ನಾನೇ. ಇಪ್ಪತ್ತು ದಿನ, ದಿನಕ್ಕೆ ಮೂವತ್ತು ಸಲ ಬಾಗಿಲಿನಿಂದ ಒಳಗೆ ಬಂದು, ಬೆನ್ನು ತಿರುಗಿಸಿ ನಿಂತು ತಿದ್ದಿದವಳು ಹೆಂಡತಿ. ಅವಳು ಅತ್ತ ಹೋದಾಗ ಬಿಸ್ಕತ್ತು ಕೊಟ್ಟು ಕೆಡಿಸಿದವನೂ ನಾನೇ.

"ಹಗ್ಗ ಇವನಿಗೂ ಒಂದು ತಾರಮ್ಮ," ಎಂದಳು ಅಮ್ಮ ಸೊಸೆಗೆ.

ಅಂದಿನಿಂದ ನನ್ನ ಜೇಬು ಖಾಲಿ. ಅರಳೆಯೂ ಮನೆಯಲ್ಲಿದೆ, ಅಮ್ಮನೂ ಇದ್ದಾಳೆ. ನಿಮ್ಮ ಮನೆಯ ಮರಿಯೂ ಹಾರುತ್ತಿದ್ದರೆ ಅದನ್ನು ಹೊಡೆಯಬೇಡಿ, ಬೆನ್ನು ತಿರುಗಿಸಿ. ನೆಲದ ಮೇಲೆ ನಿಂತಾಗ ಮುದ್ದು ಮಾಡಿ. ಅದಕ್ಕೂ ಮೊದಲು ಮನೆಯಲ್ಲಿ ಎಲ್ಲರ ಜೇಬು ನೋಡಿ.

ಇನ್ನು ಆ ಮೋಡದ ವಿಷಯ. ಅದು ಹಾರಿದ್ದು ನನ್ನ ಎದೆಯವರೆಗೆ ಮಾತ್ರ. ನಾನು ಕುಳ್ಳ.