ಹಿಮ್ಮೈಯ ಮುಖ

ಬ್ರಸೆಲ್ಸಿನ ಆ ಮಗ್ಗದ ಮನೆಯಲ್ಲಿ ಮುಖ ನೇಯುವವನು ವೌಟರ್ ಒಬ್ಬನೇ. ಕುದುರೆ, ಕೋಟೆ ಯಾರು ಬೇಕಾದರೂ ನೇಯಲಿ, ಮುಖ ಬಂತೆಂದರೆ ಎದ್ದು ಅವನಿಗೆ ಜಾಗ ಬಿಡಬೇಕು. ಈ ಸಲದ್ದು ಚಕ್ರವರ್ತಿ ಸಮುದ್ರದಾಚೆ ಗೆದ್ದ ಯುದ್ಧದ ಚಿತ್ರದ ಪರದೆ. ಅರಮನೆಯ ಗೋಡೆ ತುಂಬ ಅದು ತೂಗಬೇಕು, ಪರದೇಶದ ರಾಯಭಾರಿಗಳು ಕಂಡು ತೆಪ್ಪಗಾಗಬೇಕು. ಆ ಯುದ್ಧಕ್ಕೆ ಹೋದ ವೌಟರನ ಮಗ ಯೋರಿಸ್ ಮಾತ್ರ ವಾಪಸು ಬರಲಿಲ್ಲ. ಹೆಣವೂ ಬರಲಿಲ್ಲ. ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಸಂಜೆ ಮನೆಗೆ ಹೋದರೆ ‘ಬಂದೆಯಾ’ ಎನ್ನಲು ಒಂದು ನರಪಿಳ್ಳೆಯೂ ಇರಲಿಲ್ಲ.

ಮಗನ ಮುಖ ಇನ್ನೊಂದು ಸಲ ನೋಡಬೇಕು, ಅವನಿಗೆ ಉಳಿದದ್ದು ಅದೊಂದೇ ಆಸೆ. ಮಗ್ಗದ ಎಳೆಗಳ ಕೆಳಗೆ ಚಿತ್ರಕಾರ ಬರೆದ ಹಾಳೆ ಇರುತ್ತದೆ, ಅದರಂತೆ ನೇಯಬೇಕು. ಮೂಲೆಯ ಒಬ್ಬ ಸಿಪಾಯಿಯ ಹತ್ತಿರ ಬಂದಾಗ ವೌಟರ್ ಹಾಳೆಯ ಕಡೆ ನೋಡಲೇ ಇಲ್ಲ. ಯೋರಿಸನ ಓರೆನಗು, ಚಿಕ್ಕಂದಿನಲ್ಲಿ ಬಿಸಿ ಗಂಜಿ ಚೆಲ್ಲಿ ಎಡಗೆನ್ನೆಗಾದ ಕಲೆ, ಎಲ್ಲವನ್ನೂ ನೆನಪಿನಿಂದಲೇ ತುಂಡುತುಂಡಾಗಿ ನೇಯ್ದ. ನೇಯ್ದದ್ದು ನೇಯ್ದ ಹಾಗೇ ಮಗ್ಗದ ದಿಂಡಿಗೆ ಸುರುಳಿ ಸುತ್ತಿಕೊಂಡು ಹೋಯಿತು, ಇಡೀ ಮುಖ ಒಟ್ಟಿಗೆ ಕಾಣಲಿಲ್ಲ.

ಪರದೆ ಮುಗಿದ ದಿನ ಮಗ್ಗದಿಂದ ಕತ್ತರಿಸಿ ನೆಲದ ಮೇಲೆ ಹಾಸಿದರು. ಬಂಗಾರದ ಎಳೆಗಳು ಝಗಝಗಿಸಿದವು. ವೌಟರ್ ಮೂಲೆಗೆ ಓಡಿದ.

ಸಿಪಾಯಿಯ ಕಲೆ ಬಲಗೆನ್ನೆಯಲ್ಲಿತ್ತು.

ನೇಯುವವನಿಗೆ ಮಗ್ಗದಲ್ಲಿ ಕಾಣುವುದು ಹಿಮ್ಮೈ. ಮುಮ್ಮೈಯಲ್ಲಿ ಎಡ ಹೋಗಿ ಬಲವಾಗುತ್ತದೆಂದೇ ಚಿತ್ರಕಾರ ಹಾಳೆಯಲ್ಲಿ ಸಿಪಾಯಿಗಳ ಎಡಗೈಗೆ ಕತ್ತಿ ಕೊಟ್ಟಿರುತ್ತಾನೆ. ಜೀವಮಾನವೆಲ್ಲ ಹಾಳೆಯನ್ನೇ ನಂಬಿದವನಿಗೆ, ಹಾಳೆ ಬಿಟ್ಟ ಒಂದೇ ಸಲ, ಅದು ಮರೆತೇ ಹೋಗಿತ್ತು.

“ಅಬ್ಬಾ, ಯಾರಣ್ಣ ಇವ್ನು? ಈಗ್ಲೇ ಎದ್ದು ಬಿಯರ್ ಕೇಳೋ ಹಂಗವ್ನೆ!” ಎಂದು ಪಕ್ಕದ ಮಗ್ಗದ ಲೀವನ್ ನಕ್ಕ.

“ಯಾರೋ ಏನೋ, ನಂಗೇನ್ ಗೊತ್ತು,” ಎಂದ ವೌಟರ್. ಸುಳ್ಳಲ್ಲ. ಅಲ್ಲಿದ್ದವನು ಯಾರೋ ಬೇರೆ ಹುಡುಗ.

ಮರುದಿನ ಪರದೆಯನ್ನು ಬೋರಲು ಹಾಕಿ, ಹಿಮ್ಮೈಗೆ ನಾರಿನ ಬಟ್ಟೆಯ ಅಸ್ತರು ಹೊಲಿಯಲು ಹೆಂಗಸರು ಕೂತರು. ವೌಟರ್ ಮೂಲೆಯಲ್ಲಿ ಮಂಡಿಯೂರಿ, ಜೋತುಬಿದ್ದ ದಾರದ ತುದಿಗಳನ್ನು ಬೆರಳಿನಿಂದ ಸರಿಸಿದ. ಎಡಗೆನ್ನೆಯ ಕಲೆ, ಅದೇ ಓರೆನಗು. ಯೋರಿಸ್ ಇಲ್ಲಿದ್ದ. ಇನ್ನು ಮೇಲೆ ಗೋಡೆಗೆ ಮುಖ ಮಾಡಿಕೊಂಡೇ ಇರಬೇಕಾದವನು.

“ಅಕ್ಕಾ, ಸೂಜಿ ಕೊಡಿ. ಈ ಮೂಲೆ ನಾನೇ ಹೊಲಿತೀನಿ.”

“ಅಯ್ಯೋ, ಗಂಡಸ್ರು ಅಸ್ತರ್ ಹೊಲಿಯೋದಾ? ಕೈ ಚುಚ್ಕೊಂಡೀಯ, ಹೋಗಪ್ಪ,” ಎಂದು ಹಿರಿಯವಳಾದ ಕಾಟ್ಲೈನ್ ಗದರಿದಳು. ಆಮೇಲೆ ಅವನ ಮುಖ ನೋಡಿ ಸೂಜಿ ಕೊಟ್ಟಳು.

ಹೆಣಕ್ಕೆ ಸುತ್ತುವುದೂ ಇದೇ ನಾರಿನ ಬಟ್ಟೆಯನ್ನೇ. ವೌಟರ್ ಅದನ್ನು ಮಗನ ಗಲ್ಲದವರೆಗೆ ಎಳೆದ. ಕಣ್ತುಂಬ ನೋಡಿದ. ಆಮೇಲೆ ಹಣೆಯ ಮೇಲೂ ಎಳೆದು, ಸುತ್ತಲೂ ಸಣ್ಣ ಹೊಲಿಗೆ ಹಾಕಿದ.