ಬಂದು ಹೋದ ಖರ್ಚು

ಗ್ಯಾರೇಜಿನ ಬಾಗಿಲು ಕೈಕೊಟ್ಟು ಹದಿನೆಂಟು ದಿನಗಳಾಗಿದ್ದವು. ಒಂದು ಬೆಳಿಗ್ಗೆ ಗುಂಡು ಹಾರಿದ ಹಾಗೆ ಸದ್ದಾಯಿತು. ಓಡಿಹೋಗಿ ನೋಡಿದರೆ ಬಾಗಿಲ ನೆತ್ತಿಯ ಮೇಲಿನ ಎರಡು ಸ್ಪ್ರಿಂಗುಗಳಲ್ಲಿ ಒಂದು ನಡುವೆ ತುಂಡಾಗಿ, ನಾಲ್ಕು ಬೆರಳಗಲ ಬಾಯಿ ಬಿಟ್ಟುಕೊಂಡಿತ್ತು. ಅಂದಿನಿಂದ ಬಾಗಿಲು ನೆಲ ಕಚ್ಚಿದ್ದು ಕಚ್ಚಿದ ಹಾಗೇ. ಒಳಗೆ ಸೊಸೆಯ ಗಂಡನ ಕಾರು. ಗಂಡ ತೀರಿಹೋಗಿ ಏಳು ತಿಂಗಳು.

ಕಾರು ಬೇಕಾಗಿದ್ದದ್ದು ಸೊಸೆಗೆ. ಓದಿ ಮರೆತಿದ್ದ ರಸಾಯನಶಾಸ್ತ್ರವನ್ನು ಮತ್ತೆ ತಿರುವಿಹಾಕಿ, ಊರಾಚೆಯ ನೀರು ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಅವಳು ಕೆಲಸ ಗಿಟ್ಟಿಸಿಕೊಂಡಿದ್ದಳು. ಬೆಳಿಗ್ಗೆ ಆರಕ್ಕೆ ಹಾಜರಿ. ಆ ಕಡೆಗೆ ಮೊದಲ ಬಸ್ಸು ಏಳಕ್ಕೆ. ಟ್ಯಾಕ್ಸಿ ಹಿಡಿದರೆ ಸಂಬಳವೆಲ್ಲ ಡ್ರೈವರನ ಪಾಲು. ಸೋಮವಾರ ಬಂದು ಸೇರದಿದ್ದರೆ ಪಟ್ಟಿಯಲ್ಲಿ ಎರಡನೆಯವರನ್ನು ಕರೆಯುತ್ತೇವೆ ಎಂದು ಕಾಗದದಲ್ಲಿ ಸ್ಪಷ್ಟವಾಗಿತ್ತು. ಅವತ್ತು ಶನಿವಾರ.

ಬಾಗಿಲು ಕೆಟ್ಟ ಮೊದಲ ದಿನ ಮೈದುನ ತೋಳು ಮಡಚಿಕೊಂಡು ಬಂದಿದ್ದ. "ಸರೀರಿ ಅತ್ತಿಗೆ, ಜಿಮ್ಮಿಗೆ ಕಟ್ಟಿದ ದುಡ್ಡು ಇವತ್ತಾದ್ರೂ ದುಡೀಲಿ." ಬಾಗಿಲನ್ನು ಒಂದು ಗೇಣು ಎತ್ತಿದ. ಆಮೇಲೆ ಎರಡು ದಿನ ಸೊಂಟ ಹಿಡಿದುಕೊಂಡು ಮಲಗಿದ. ಎದ್ದ ಮೇಲೆ ಬಾಗಿಲಿನ ತಂಟೆಗೆ ಹೋಗದೆ ರೇಟಿನ ಬೆನ್ನು ಹತ್ತಿದ. ಕಂಡಕಂಡವರಿಗೆಲ್ಲ ಫೋನು ಮಾಡಿ ಕೇಳಿದ. ಒಬ್ಬ ಎರಡು ಸಾವಿರ ಎಂದ, ಇನ್ನೊಬ್ಬ ಹದಿನಾಲ್ಕು ಸಾವಿರ ಎಂದ, ಮತ್ತೊಬ್ಬ ಬಾಗಿಲನ್ನೇ ಬದಲಾಯಿಸಿ, ಮೋಟಾರು ಹಾಕಿಸಿ, ರಿಮೋಟು ಒತ್ತಿ ಎಂದ. ಎದುರು ಮನೆಯ ನಿವೃತ್ತ ಗುಮಾಸ್ತರು, ಹೆಂಗಸರು ಮಾತಾಡಿದರೆ ದುಪ್ಪಟ್ಟು ಹೇಳುತ್ತಾರೆ ಎಂದು ತಮ್ಮ ಪಾಲಿನದೂ ಸೇರಿಸಿದರು.

ಊಟಕ್ಕೆ ಕೂತಾಗಲೆಲ್ಲ ಇದೇ ಮಾತು.

"ಮುರಿದಿರೋದು ಒಂದೇ ಸ್ಪ್ರಿಂಗು. ಎರಡೂ ಹಾಕ್ತೀನಿ ಅಂದ್ರೆ ಅವನು ಕಳ್ಳ ಅಂತ್ಲೇ ಅರ್ಥ," ಎನ್ನುತ್ತಿದ್ದ ಮೈದುನ. "ಒಂದು ಕಾಲು ಉಳುಕಿದ್ರೆ ಎರಡಕ್ಕೂ ಪಟ್ಟಿ ಕಟ್ತಾರಾ?"

"ನಿನ್ನ ಜಿಪುಣತನಕ್ಕೆ ಬೆಂಕಿ ಬೀಳ," ಎನ್ನುತ್ತಿದ್ದರು ಅತ್ತೆ. "ದುಡ್ಡು ಹೋದ್ರೆ ಹೋಗ್ಲಿ ಕಣಮ್ಮ, ಮಾಡಿಸಿಬಿಡು. ನೀನು ಕೆಲಸಕ್ಕೆ ಹೋಗ್ಬೇಕಲ್ಲ."

ಆ ಮನೆಯಲ್ಲಿ ಅವಳ ಪರವಾಗಿ ಒಂದು ಮಾತು ಬರುತ್ತಿದ್ದದ್ದು ಅತ್ತೆಯ ಬಾಯಿಂದ ಮಾತ್ರ. ಅದಕ್ಕೆ ಅವಳು ಮನಸ್ಸಿನಲ್ಲೇ ಋಣಿಯಾಗಿದ್ದಳು.

ವಿಚಾರಿಸಿ ವಿಚಾರಿಸಿ ಕೊನೆಗೆ ಅವಳೇ ಒಬ್ಬ ರಿಪೇರಿಯವನನ್ನು ಗೊತ್ತುಮಾಡಿದಳು. ಫೋನು ಎತ್ತುತ್ತಿದ್ದದ್ದು ಅವನ ಹೆಂಡತಿ. ಮೂರು ಸಲ ದಿನ ಗೊತ್ತಾಯಿತು. ಮೂರು ಸಲವೂ ಆಕೆ, "ಹೊರಟಿದ್ದಾರಮ್ಮ, ಇನ್ನೇನು ಬಂದೇಬಿಡ್ತಾರೆ," ಎಂದಳು. ಮೂರು ಸಲವೂ ಸೊಸೆ ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಮಧ್ಯಾಹ್ನದವರೆಗೆ ಕಾದಳು. ಯಾರೂ ಬರಲಿಲ್ಲ. ಈ ಕಸುಬಿನವರೇ ಹೀಗೆ ಎಂದುಕೊಂಡು ನಾಲ್ಕನೆಯ ಸಲ ಫೋನು ಮಾಡಿದಳು.

ಶನಿವಾರ ಹತ್ತು ಗಂಟೆಗೆ ಹಿಂದಿನ ಓಣಿಯಿಂದ ಒಂದು ವ್ಯಾನು ಬಂದು ನಿಂತಿತು. ಐವತ್ತು ದಾಟಿದ ಗಂಡಸು ಇಳಿದ. ಎಡಗೈಯ ಕಿರುಬೆರಳು ಅರ್ಧವೇ ಇತ್ತು.

"ಮುಂದಿನ ತಿರುವಿನಲ್ಲಿ ಪೈಪಿಗೆ ಅಂತ ಅಗೆದುಬಿಟ್ಟಿದ್ದಾರೆ, ಸುತ್ತಿ ಬಂದೆ," ಎಂದ. ಬಾಗಿಲ ಕಡೆ ನೋಡದೆ ಅವಳನ್ನೇ ನೋಡಿದ. "ಇವತ್ತಾದ್ರೂ ಕೆಲಸ ಇದೆಯೋ, ಇವತ್ತೂ ಬೇಡವೋ?"

"ಬೇಡ ಅಂದಿದ್ದು ಯಾರು? ನೀವೇ ಬರ್ಲಿಲ್ಲ."

"ಬರ್ಲಿಲ್ವಾ? ಮೂರು ಸಲ ಬಂದೆನಮ್ಮ. ಮೂರು ಸಲವೂ ತಿರುವಿನಲ್ಲೇ ನಿಮ್ಮ ಮನೆ ಅಜ್ಜಿ ನಿಂತಿದ್ರು. ಬಾಗಿಲು ಸರಿಹೋಯ್ತು, ನೀವು ಹೋಗಿ ಅಂದ್ರು. ಬಂದು ಹೋದ ಖರ್ಚು ಆರುನೂರು ಅಂದೆ. ಚೌಕಾಸಿನೂ ಮಾಡ್ಲಿಲ್ಲ. ಎಣಿಸಿ ಮಡಿಸಿಟ್ಟುಕೊಂಡಿದ್ದ ನೋಟು ಕೊಟ್ರು."

ಅತ್ತೆ ಈಗ ಮನೆಯಲ್ಲಿರಲಿಲ್ಲ. ಮಂಡಿ ಸಡಿಲವಾಗಲಿ ಎಂದು ಹತ್ತು ಹೆಜ್ಜೆ ನಡೆದು ಬರುತ್ತೇನೆಂದು ಆಗಷ್ಟೇ ಹೊರಗೆ ಹೋಗಿದ್ದರು. ಆ ಮೂರು ದಿನಗಳಲ್ಲೂ ಹಾಗೇ ಹೋಗಿದ್ದರು.

ಅವಳಿಗೆ ಅಳು ಬರಲಿಲ್ಲ. ಏಳು ತಿಂಗಳಿಂದ ಬಾರದ್ದು ಇದಕ್ಕೆ ಯಾಕೆ ಬರಬೇಕು.

"ಕೆಲಸ ಇದೆ," ಎಂದಳು. "ಎಷ್ಟಾಗುತ್ತೆ, ಮೊದಲೇ ಹೇಳಿ."

ಅವನು ಅಡುಗೆಮನೆಯ ಪಕ್ಕದ ಬಾಗಿಲಿಂದ ಗ್ಯಾರೇಜಿನೊಳಗೆ ಹೋಗಿ, ಏಣಿ ಹಾಕಿ ಹತ್ತಿ, ಟಾರ್ಚು ಬಿಟ್ಟು ನೋಡಿ ಇಳಿದ.

"ಫೋನಲ್ಲೇ ರೇಟು ಹೇಳೋರನ್ನ ನಂಬಬೇಡಿ. ಬಾಗಿಲು ಎಷ್ಟು ತೂಕ, ಸ್ಪ್ರಿಂಗು ಎಷ್ಟು ದಪ್ಪ ಅಂತ ನೋಡ್ದೆ ಹೇಳೋಕಾಗಲ್ಲ. ಸ್ಪ್ರಿಂಗು ಒಂದಕ್ಕೆ ಸಾವಿರದ ಎಂಟುನೂರು. ಎರಡೂ ಹಾಕ್ಬೇಕು. ಬಾಗಿಲು ಎಳೆಯೋ ತಂತಿ ಎರಡೂ ಎಳೆ ಬಿಟ್ಟಿವೆ, ಅದಕ್ಕೆ ಏಳುನೂರು. ನನ್ನ ಕೂಲಿ ಸಾವಿರದ ಐನೂರು. ಮೋಟಾರು ಗೀಟಾರು ಏನೂ ಬೇಡ."

"ಇನ್ನೊಂದು ಸ್ಪ್ರಿಂಗು ಚೆನ್ನಾಗಿದೆಯಲ್ಲ."

"ಚೆನ್ನಾಗಿ ಕಾಣುತ್ತೆ. ಎರಡೂ ಒಂದೇ ದಿನ ಹಾಕಿದ್ದು, ಒಂದೇ ಸಮ ಸುತ್ತಿ ಬಿಚ್ಚಿದ್ದು. ಒಂದು ಹೋದ ಮೇಲೆ ಇನ್ನೊಂದನ್ನ ಗಟ್ಟಿ ಅಂತ ನಂಬಿಕೊಂಡಿರೋದು ದಡ್ಡತನ. ಹೊಸದರ ಜೊತೆ ಕಟ್ಟಿದ್ರೆ ಹೊಸದೂ ಹಾಳು. ಈ ಬೆರಳು ಹೋಗಿದ್ದು ಹಾಗೇ. ಯಾರೋ ಒಂದೇ ಹಾಕಪ್ಪಾ ಅಂದ್ರು, ಹಾಕಿದೆ."

ಅವಳು ಲೆಕ್ಕ ಹಾಕಿದಳು. ಐದು ಸಾವಿರದ ಎಂಟುನೂರು. ಕೈಯಲ್ಲಿ ಏಳು ಸಾವಿರವಿತ್ತು.

"ಎರಡೂ ಹಾಕಿ. ಮುಂಚೆ ಇಸ್ಕೊಂಡಿದ್ದೀರಲ್ಲ, ಬಂದು ಹೋದ ಖರ್ಚು ಮೂರು ಸಲದ್ದು, ಅದನ್ನ ಕಳೀರಿ."

ಅವನು ಕೆನ್ನೆ ಕೆರೆದುಕೊಂಡ. "ಕೆಲಸ ಕೊಟ್ರೆ ಒಂದು ಸಲದ್ದು ಕಳೆಯೋದು ನಮ್ಮಲ್ಲಿ ವಾಡಿಕೆ. ಮೂರಕ್ಕೂ ಡೀಸೆಲ್ ನಾನೇ ಸುಟ್ಟಿದ್ದೀನಲ್ಲಮ್ಮ."

"ಮೂರು ಸಲ ನಾನು ಕುರ್ಚಿ ಹಾಕ್ಕೊಂಡು ಕೂತಿದ್ದೆ."

ಅವನು ಅವಳ ಮುಖ ನೋಡಿದ. ಅಲ್ಲಿ ಚೌಕಾಸಿ ಇರಲಿಲ್ಲ, ಏನೂ ಇರಲಿಲ್ಲ. "ಆಯ್ತು, ಬಿಡಿ," ಎಂದ.

"ಬಿಲ್ಲಿನಲ್ಲಿ ಬರೆದು ಕಳೀರಿ."

ಕೆಲಸ ಅರ್ಧಕ್ಕೆ ಬಂದಿದ್ದಾಗ ಅತ್ತೆ ಬಂದರು. ವ್ಯಾನನ್ನು ನೋಡಿ ಗೇಟಿನಲ್ಲೇ ನಿಂತರು. ಏಣಿಯ ಮೇಲಿದ್ದವನು, "ನಮಸ್ಕಾರ ಅಜ್ಜಿ," ಎಂದ. ಅವರು ನೇರ ಒಳಗೆ ಹೋಗಿ ಟೀವಿ ಹಾಕಿಕೊಂಡರು.

ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಲ್ಲು ಇತ್ತು. ಸೊಸೆಯೇ ಇಟ್ಟಿದ್ದಳು. ಮೈದುನ ಕೈ ತೊಳೆಯುವ ಮೊದಲೇ ಅದನ್ನು ಎತ್ತಿಕೊಂಡ.

"ಎರಡು ಸ್ಪ್ರಿಂಗಾ? ಹಾಕೇಬಿಟ್ನಾ ಟೋಪಿ? ಅತ್ತಿಗೆ, ನಾನು ಬರೋ ತನಕ ತಡೀಬಾರ್ದಾ?" ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ಇದೇನಿದು? ಹಿಂದಿನ ಮೂರು ಭೇಟಿಗಳ ಬಾಬ್ತು ಜಮಾ, ಸಾವಿರದ ಎಂಟುನೂರು. ಇದ್ಯಾರು ಕೊಟ್ಟಿದ್ದು? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ."

ಸೊಸೆ ನೀರು ಬಗ್ಗಿಸುತ್ತಿದ್ದಳು. ಅತ್ತೆಯ ಲೋಟ ತುಂಬಿಸಿ, ಅವರ ಮುಂದೆ ಇಟ್ಟಳು.

"ನಾನೇ ಕಣೋ," ಎಂದರು ಅತ್ತೆ.

"ನೀನಾ? ಯಾಕಮ್ಮ? ದುಡ್ಡೆಲ್ಲಿತ್ತು ನಿನ್ ಹತ್ರ?"

"ಮಂಡಿ ಔಷಧಿಗೆ ಅಂತ ಇವಳು ಕೊಡ್ತಾಳಲ್ಲ, ಅದು."

ಅಂದರೆ ಅವಳದೇ ದುಡ್ಡು. ಬಾಗಿಲು ಮುಚ್ಚಿಡುವುದಕ್ಕೂ ಅವಳೇ ಕೊಟ್ಟಿದ್ದಳು, ತೆರೆಯುವುದಕ್ಕೂ ಅವಳೇ.

ಅತ್ತೆ ಮಗನನ್ನು ಬಿಟ್ಟು ಸೊಸೆಯ ಕಡೆ ತಿರುಗಿದರು. ಇಷ್ಟು ದಿನ ಬೆಣ್ಣೆಯಂತಿದ್ದ ದನಿ ಈಗ ಅಲ್ಲಿರಲಿಲ್ಲ. "ಇವತ್ತು ಕೆಲಸ ಅಂತೀಯ. ನಾಳೆ ದೂರ ಆಯ್ತು, ಅಲ್ಲೇ ಮನೆ ಮಾಡ್ತೀನಿ ಅಂತೀಯ. ನಾಡಿದ್ದು ಇನ್ನೊಬ್ಬ ಬರ್ತಾನೆ. ನನ್ನ ಮಗನ ಕಾರು ನಿಂತಲ್ಲೇ ನಿಂತಿದ್ರೆ ನೀನೂ ಇರ್ತೀಯ ಅಂದ್ಕೊಂಡೆ. ತಪ್ಪಾ?"

"ಮಾಡಿಸು ಮಾಡಿಸು ಅಂತ ನೀವೇ ಹೇಳ್ತಿದ್ರಿ."

"ಬೇಡ ಅಂದಿದ್ರೆ ಕೇಳ್ತಿದ್ಯಾ?"

"ಹೋಗ್ತೀಯಾ ಅಂತ ನನ್ನನ್ನೇ ಕೇಳಬಹುದಿತ್ತು ಅತ್ತೆ."

"ಕೇಳ್ತೀನಿ. ಈಗ ಹೇಳು."

ಇಲ್ಲ ಎನ್ನುವುದಕ್ಕೆ ಒಂದು ಕ್ಷಣ ಸಾಕಿತ್ತು. ನಿನ್ನೆಯಾಗಿದ್ದರೆ ಅಂದುಬಿಡುತ್ತಿದ್ದಳು, ಮನಸಾರೆ. ಈಗ ಹುಡುಕಿದರೆ ಆ ಮಾತು ಎಲ್ಲೂ ಸಿಗಲಿಲ್ಲ. ಅವಳು ಎದ್ದು ತಟ್ಟೆಗಳನ್ನು ಜೋಡಿಸಿದಳು. ಮೈದುನ, ಮಾತು ಬದಲಿಸಲೆಂದೋ ಏನೋ, ಆದರೂ ತಂತಿಗೆ ಏಳುನೂರು ಹೆಚ್ಚಾಯಿತು ಎಂದ.

ಸೋಮವಾರ ಐದು ಗಂಟೆಗೆ ಅವಳು ಗ್ಯಾರೇಜಿಗೆ ಇಳಿದಾಗ ಅತ್ತೆ ಆಗಲೇ ಅಲ್ಲಿದ್ದರು. ಅವಳು ಎತ್ತುವ ಮೊದಲೇ ಅವರೇ ಹಿಡಿಗೆ ಕೈ ಹಾಕಿದರು. ಬಾಗಿಲು ಸದ್ದಿಲ್ಲದೆ ಮೇಲೇರಿತು. ಮೈದುನನ ಸೊಂಟ ಮುರಿದ ಬಾಗಿಲು ಮಂಡಿನೋವಿನ ಮುದುಕಿಯ ಒಂದು ಕೈಗೆ ಎದ್ದುಹೋಯಿತು.

"ಇಷ್ಟು ಹಗುರವಾ," ಎಂದರು ಅತ್ತೆ, ಯಾರಿಗೂ ಅಲ್ಲ.

"ಸಂಜೆ ಬರ್ತೀನಿ," ಎಂದಳು.

"ಹೂಂ."

ಕಾರು ಎರಡು ಸಲ ಕೆಮ್ಮಿ ಶುರುವಾಯಿತು. ಸೀಟು ಗಂಡನ ಕಾಲಿನ ಅಳತೆಗೆ ಹಿಂದಕ್ಕೆ ಹೋಗಿತ್ತು. ಎಳೆದುಕೊಂಡರೆ ಅತ್ತೆ ನೋಡುತ್ತಾರೆಂದು ಅವಳು ಹಾಗೇ ತುದಿಯಲ್ಲಿ ಕೂತು ಹೊರಟಳು. ಗೇಟು ದಾಟಿ ರಸ್ತೆಗೆ ತಿರುಗುವ ಮೊದಲೇ ಕನ್ನಡಿಯಲ್ಲಿ ಬಾಗಿಲು ಕೆಳಗಿಳಿಯುತ್ತಿರುವುದು ಕಂಡಿತು. ನೆಲ ಮುಟ್ಟಿದ ಮೇಲೆ ಒಳಗಿನಿಂದ ಚಿಲಕ ಬಿದ್ದ ಸದ್ದೂ ಕೇಳಿಸಿತು. ಅವಳು ತಿರುವಿನವರೆಗೆ ಹೋಗಿ, ಅಗೆದು ಮುಚ್ಚಿದ್ದ ಮಣ್ಣಿನ ಪಕ್ಕ ಕಾರು ನಿಲ್ಲಿಸಿ, ಸೀಟನ್ನು ಮುಂದಕ್ಕೆ ಎಳೆದುಕೊಂಡಳು.